ಬದಲಿಯಾಗಿದ್ದ ಕೊನೆಯ ಬೇಸಿಗೆ

ನನ್ನ ಓದು ನಿಂತದ್ದು ೧೯೪೯ರಲ್ಲಿ, ಏಳನೇ ಕ್ಲಾಸಿನ ನಡುವೆ. ಅಯ್ಯೋ ಪಾಪ ಅನ್ನಿಸಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ಲೆಕ್ಕದಲ್ಲಿ ಚುರುಕಾಗಿದ್ದೆ, ಅಕ್ಷರ ದುಂಡಗಿತ್ತು, ಹುಡುಗನನ್ನು ಬಿಡಿಸಬೇಡಿ ಎಂದು ಮೇಷ್ಟ್ರು ಮನೆ ಬಾಗಿಲಿಗೇ ಬಂದು ಅಪ್ಪನಿಗೆ ಹೇಳಿದ್ದರು. ಆದರೆ ನಮ್ಮ ಮನೆಯಲ್ಲಿ ಉಣ್ಣುವ ಬಾಯಿ ಬಹಳ, ದುಡಿಯುವವನು ಅಪ್ಪ ಒಬ್ಬನೇ. ನಾನಾಗಿಯೇ ಪುಸ್ತಕಗಳನ್ನು ತಮ್ಮನಿಗೆ ಕೊಟ್ಟು ಹತ್ತಿ ಮಾರ್ಕೆಟ್ಟಿಗೆ ಹೋದೆ. ಅಲ್ಲಿ ಹತ್ತಿ ತುಂಬಿದ ಅಂಡಿಗೆ ಉರುಳಿಸಿ ತೋಳು ಗಟ್ಟಿ ಮಾಡಿಕೊಂಡೆ. ವಯಸ್ಸು ತುಂಬಿದ ಮೇಲೆ ಅಪ್ಪನ ಹಿಂದೆ ಮಿಲ್ಲಿನ ಗೇಟು ಹೊಕ್ಕೆ. ಅಲ್ಲಿಂದ ರಿಟೈರಾಗುವವರೆಗೆ ಬೇರೆ ಯಾರ ಬಾಗಿಲನ್ನೂ ತಟ್ಟಲಿಲ್ಲ.

ಮೊನ್ನೆ ವಿದ್ಯಾನಗರದಲ್ಲಿ ಮಗಳ ಮನೆಗೆ ಹೋಗುವಾಗ ಒಂದು ಇಸ್ತ್ರಿ ಅಂಗಡಿಯ ಮುಂದೆ ಕಾಲು ತಾನಾಗಿಯೇ ನಿಂತಿತು. ಒಳಗೆ ಯಾರೋ ಬಟ್ಟೆಗೆ ಹಾಕಲು ಗಂಜಿ ಕುದಿಸುತ್ತಿದ್ದರು. ಆ ವಾಸನೆ ಹಸಿದ ಹೊಟ್ಟೆಗೆ ಅಂಬಲಿಯ ಹಾಗೆ, ಹಸಿವಿಲ್ಲದವನಿಗೆ ಅಂಟಿನ ಹಾಗೆ. ಮಿಲ್ಲಿನಲ್ಲಿ ಉದ್ದಕ್ಕೆ ಎಳೆಯುವ ಹಾಸಿನ ನೂಲನ್ನು ಹೀಗೇ ಗಂಜಿಯಲ್ಲಿ ಅದ್ದಿ ಒಣಗಿಸಿ ಮಗ್ಗಕ್ಕೆ ಕಳಿಸುತ್ತಿದ್ದರು, ಇಲ್ಲದಿದ್ದರೆ ಯಂತ್ರದ ಹೊಡೆತವನ್ನು ನೂಲು ತಾಳುತ್ತಿರಲಿಲ್ಲ. ಅಂಗಡಿಯವನು ಏನು ಬೇಕಿತ್ತು ಯಜಮಾನ್ರೇ ಎಂದು ಕೇಳಿದ. ಏನೂ ಇಲ್ಲಪ್ಪ ಎಂದು ಮುಂದೆ ನಡೆದೆ. ಆದರೆ ತಲೆ ಆಗಲೇ ೧೯೫೭ರ ಬೇಸಿಗೆಗೆ ಹೋಗಿಬಿಟ್ಟಿತ್ತು.

ಆಗ ದಾವಣಗೆರೆಯಲ್ಲಿ ಗಡಿಯಾರ ಇದ್ದ ಮನೆಗಳು ಕಡಿಮೆ. ಊರನ್ನು ನಡೆಸುತ್ತಿದ್ದುದು ಮಿಲ್ಲಿನ ಸೈರನ್ನು. ಮೊದಲ ಕೂಗಿಗೆ ಹೆಂಗಸರು ಒಲೆ ಹಚ್ಚುತ್ತಿದ್ದರು, ಎರಡನೆಯದಕ್ಕೆ ಗಂಡಸರು ಬುತ್ತಿ ಹಿಡಿದು ಹೊರಡುತ್ತಿದ್ದರು. ಮಿಲ್ಲಿಗೆ ಸಂಬಂಧವೇ ಇಲ್ಲದ ಕಿರಾಣಿ ಅಂಗಡಿಯವರೂ ಅದೇ ಕೂಗಿಗೆ ಬಾಗಿಲು ತೆಗೆಯುತ್ತಿದ್ದರು. ನಾನು ಹುಟ್ಟುವ ಮೊದಲೇ ಎದ್ದು ನಿಂತಿದ್ದ ಕಂಪನಿ ಅದು. ಅದರ ಚಿಮಣಿಯನ್ನು ನೋಡಿಕೊಂಡೇ ಹಳ್ಳಿಯವರು ಊರಿನ ದಿಕ್ಕು ಹಿಡಿಯುತ್ತಿದ್ದರು. ಅಂಥ ಕಂಪನಿಯಲ್ಲಿ ಕೆಲಸ ಎಂದರೆ ಹೆಣ್ಣು ಕೊಡುವವರು ನಮ್ಮ ಹೊಲ ಎಷ್ಟು, ಮನೆ ಎಷ್ಟು ಅಂಕಣ ಎಂದು ಕೇಳುತ್ತಿರಲಿಲ್ಲ. ಒಂದೇ ಮಾತು ಕೇಳುತ್ತಿದ್ದರು: ಹುಡುಗ ಕಾಯಮ್ಮೋ, ಬದಲಿಯೋ?

ನಾನು ಬದಲಿ. ಎಂದರೆ ನನಗೆ ನನ್ನದೆಂಬ ಮಗ್ಗ ಇರಲಿಲ್ಲ. ದಿನಾ ಬೆಳಿಗ್ಗೆ ಗೇಟಿನ ಬಳಿ ನಾವೊಂದಿಷ್ಟು ಜನ ನಿಲ್ಲುತ್ತಿದ್ದೆವು. ನಮ್ಮ ಸಾಲಿನ ಮೇಸ್ತ್ರಿ, ಜಾಬರ್ ರಹಮಾನ್ ಸಾಬರು ಬಂದು, ಇವತ್ತು ಎಷ್ಟು ಮಗ್ಗ ಖಾಲಿ ಇವೆಯೋ ಅಷ್ಟು ಜನರ ಕಡೆ ಬೆರಳು ತೋರಿಸುತ್ತಿದ್ದರು. ಬೆರಳು ಬಿದ್ದವನಿಗೆ ಕೆಲಸ, ಬೀಳದವನಿಗೆ ಮನೆ. ಮೂರು ವರ್ಷ ಆ ಬೆರಳನ್ನು ನೋಡಿಕೊಂಡು ಬದುಕಿದ್ದೆ. ಯಾರಿಗೆ ಜ್ವರ ಬಂದಿದೆ, ಯಾರ ಮನೆಯಲ್ಲಿ ಮದುವೆ ಎನ್ನುವುದು ನಮಗೆ ಅವರ ಹೆಂಡಂದಿರಿಗಿಂತ ಮುಂಚೆ ತಿಳಿಯುತ್ತಿತ್ತು. ಆದರೆ ಒಳಗೆ ಹೋದ ದಿನ ಯಾರ ಮಗ್ಗ ಕೊಟ್ಟರೂ ಅವರಿಗಿಂತ ಒಂದು ಗೇಣು ಹೆಚ್ಚೇ ನೇಯ್ದು ಇಳಿಯುತ್ತಿದ್ದೆ.

ನೇಯ್ಗೆ ಖಾತೆಯ ಸದ್ದನ್ನು ಕೇಳದವರಿಗೆ ಹೇಳಿ ತಿಳಿಸುವುದು ಕಷ್ಟ. ನೂರಾರು ಮಗ್ಗಗಳು ಒಂದೇ ಸೂರಿನ ಕೆಳಗೆ ಬಡಿಯುತ್ತಿದ್ದವು, ತಲೆಯ ಮೇಲೆ ಉದ್ದಕ್ಕೂ ಮಗ್ಗ ಓಡಿಸುವ ಚರ್ಮದ ಪಟ್ಟಿಗಳು ತಿರುಗುತ್ತಿದ್ದವು. ಪಕ್ಕದವನು ಕಿವಿಗೆ ಬಾಯಿ ಇಟ್ಟು ಅರಚಿದರೂ ಕೇಳುತ್ತಿರಲಿಲ್ಲ. ಹಾಗಾಗಿ ನಾವು ಅರಚುತ್ತಿರಲಿಲ್ಲ. ತುಟಿ ಮಾತ್ರ ಅಲುಗಿಸುತ್ತಿದ್ದೆವು. ಆ ಸಾಲಿನವನು ಈ ಸಾಲಿನವನ ತುಟಿ ನೋಡಿ ಉತ್ತರ ಕೊಡುತ್ತಿದ್ದ. ಮನೆ ಸುದ್ದಿ, ಜಾಬರನಿಗೆ ಬೈಗುಳ, ಹೋಟೆಲಿನಲ್ಲಿ ಇವತ್ತು ಮಂಡಕ್ಕಿಗೆ ಮೆಣಸಿನಕಾಯಿ ಯಾರು ಕೊಡಿಸುತ್ತಾರೆ ಎಂಬ ಜಗಳ, ಎಲ್ಲಾ ತುಟಿಯಲ್ಲೇ. ಹೊರಗೆ ಬಂದ ಮೇಲೆ ಇದು ಉಲ್ಟಾ ಆಗುತ್ತಿತ್ತು. ಕಿವಿ ಮಂದವಾಗಿ, ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹೊಳೆಯ ಆಚೆ ಈಚೆ ನಿಂತವರಂತೆ ಮಾತಾಡುತ್ತಿದ್ದೆವು. ಯಾವ ಹೋಟೆಲಿಗೆ ಹೋದರೂ ನೇಯ್ಗೆ ಖಾತೆಯವರು ಬಂದರು ಎಂದು ಮಾಣಿಗೆ ಅಡಿಗೆಮನೆಯಲ್ಲೇ ಗೊತ್ತಾಗುತ್ತಿತ್ತು. ಗುಟ್ಟು ಏನಾದರೂ ಇದ್ದರೆ ನಮ್ಮ ಗಂಟಲು ಅದಕ್ಕೆ ಬಗ್ಗುತ್ತಿರಲಿಲ್ಲ, ಮತ್ತೆ ತುಟಿಮಾತಿಗೇ ಇಳಿಯುತ್ತಿದ್ದೆವು. ಬೇರೆಯವರಿಗೆ ಅದು ತಿಳಿಯುವುದಿಲ್ಲ ಎಂಬ ಧೈರ್ಯ.

ಆ ಧೈರ್ಯವೇ ಹರಿಹರದಲ್ಲಿ ನಮ್ಮ ಮರ್ಯಾದೆ ತೆಗೆಯಿತು.

ಯುಗಾದಿ ಕಳೆದ ಮೇಲಿನ ಒಂದು ರಜೆಯ ದಿನ ಅಪ್ಪ, ಅವ್ವ, ನಾನು ಹರಿಹರಕ್ಕೆ ಹೆಣ್ಣು ನೋಡಲು ಹೋದೆವು. ಹುಡುಗಿ ರತ್ನ. ಅವಳ ಅಪ್ಪ ಚನ್ನಬಸಪ್ಪನವರು ರೈಲ್ವೆಯಲ್ಲಿ ಹಳಿ ತಿರುಗಿಸುವ ಪಾಯಿಂಟ್ಸ್‌ಮನ್, ಮನೆ ಸ್ಟೇಷನ್ನಿನ ಪಕ್ಕದ ಕ್ವಾರ್ಟರ್ಸಿನಲ್ಲಿ. ಮಂಡಿಪೇಟೆಯಲ್ಲಿ ಕೊಂಡ ಹೊಸ ಚಪ್ಪಲಿ ನನ್ನ ಕಾಲಲ್ಲಿ ಕಿರ್ರ್ ಎನ್ನುತ್ತಿತ್ತು. ಅಪ್ಪನೂ ನೇಯ್ಗೆ ಖಾತೆಯವನೇ, ಕುಶಲ ವಿಚಾರಿಸಿದ್ದಷ್ಟೇ, ಅದು ಎಷ್ಟು ಜೋರಾಗಿತ್ತೆಂದರೆ ಪಕ್ಕದ ಮನೆಯ ಹೆಂಗಸು ಬಾಗಿಲಲ್ಲಿ ಇಣುಕಿ ಏನಾದರೂ ಗಲಾಟೆಯೇ ಎಂದು ಕೇಳಿ ಹೋದಳು. ಚನ್ನಬಸಪ್ಪನವರು ತೆಳ್ಳಗೆ, ನೆಟ್ಟಗೆ, ಸಿಗ್ನಲ್ ಕಂಬದ ಹಾಗೆ ಕೂತಿದ್ದರು. ಉಪ್ಪಿಟ್ಟು ಬಂತು. ರತ್ನ ತಟ್ಟೆ ಇಟ್ಟು ತಲೆ ಎತ್ತಿ ಒಂದು ಸಲ ಸೀದಾ ನನ್ನ ಮುಖ ನೋಡಿ ಒಳಗೆ ಹೋದಳು. ಕದ್ದು ನೋಡುವ ನೋಟವಲ್ಲ ಅದು, ತೂಕ ಹಾಕುವ ನೋಟ. ನನಗೆ ಅಲ್ಲಿಗೇ ಮನಸ್ಸು ಕೂತಿತು. ಮದುವೆಯಾದರೆ ಇವಳನ್ನೇ ಎಂದುಕೊಂಡೆ.

ಆಮೇಲೆ ಚನ್ನಬಸಪ್ಪನವರು ಕೇಳುವುದನ್ನು ಕೇಳಿದರು. ಹುಡುಗ ಕಾಯಮ್ಮೋ ಬದಲಿಯೋ?

ಅಪ್ಪ ಟವೆಲಿನಿಂದ ಮುಖ ಒರೆಸಿಕೊಳ್ಳುವ ನೆವದಲ್ಲಿ ನನ್ನ ಕಡೆ ತಿರುಗಿ ತುಟಿ ಅಲುಗಿಸಿದ.

"ಕಾಯಂ ಅನ್ನು."

ನಾನೂ ಉಪ್ಪಿಟ್ಟು ಅಗಿಯುವವನಂತೆ ತುಟಿಯಲ್ಲೇ ಹೇಳಿದೆ. "ಸುಳ್ಳು ಬ್ಯಾಡಪ್ಪ."

"ಇವತ್ತಲ್ಲ ನಾಳೆ ಆಗೇ ಆಗ್ತಿ. ಸುಳ್ಳು ಹೆಂಗಾಗ್ತೈತೆ?"

"ಆದ ದಿನ ಹೇಳಾನ."

"ಅಷ್ಟ್ರಾಗ ಹುಡುಗಿ ಕೈತಪ್ಪಿ ಹೊಕ್ಕಾಳೆ ಕಣಲೇ. ಬದಲಿ ಅಂದ್ರೆ ಈ ಮುದುಕ ಉಪ್ಪಿಟ್ಟಿನ ತಟ್ಟೆನೂ ಕಸ್ಕೊಂತಾನೆ."

ಆಗ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಹುಡುಗಿಯ ತಾಯಿ ಗಂಗಮ್ಮನವರ ಕಡೆ ನನ್ನ ಕಣ್ಣು ಹೋಯಿತು. ಅವರೂ ಸದ್ದಿಲ್ಲದೆ ತುಟಿ ಅಲುಗಿಸುತ್ತಿದ್ದರು. ಪ್ರತಿಯೊಂದು ಅಕ್ಷರವೂ ಸ್ಪಷ್ಟ.

"ತಟ್ಟೆ ಯಾರೂ ಕಸ್ಕೊಳಲ್ಲ. ನಿಧಾನಕ್ಕೆ ಉಣ್ರಿ."

ಅಪ್ಪನ ಕೈಯಲ್ಲಿದ್ದ ತುತ್ತು ಧೋತರದ ಮೇಲೆ ಬಿತ್ತು. ಗಂಗಮ್ಮನವರು ಮದುವೆಗೆ ಮುಂಚೆ ನಮ್ಮ ಮಿಲ್ಲಿನಲ್ಲೇ, ನೇಯ್ಗೆ ಖಾತೆಗೆ ಅಂಟಿಕೊಂಡಿದ್ದ, ನೂಲನ್ನು ಕಂಡಿಕೆಗೆ ಸುತ್ತುವ ಖಾತೆಯಲ್ಲಿದ್ದವರಂತೆ. ಅದು ನಮಗೆ ಗೊತ್ತಾದದ್ದು ಆ ಕ್ಷಣದಲ್ಲಿ. ಈ ಮೂಕಿ ಸಂಭಾಷಣೆ ತಿಳಿಯದೆ ಚನ್ನಬಸಪ್ಪನವರು ಇನ್ನೂ ಉತ್ತರಕ್ಕೆ ಕಾಯುತ್ತಿದ್ದರು. ನಾನು ತಟ್ಟೆ ಕೆಳಗಿಟ್ಟು, ಬದಲಿ ಇದ್ದೇನೆ, ಮೂರು ವರ್ಷವಾಯಿತು ಎಂದೆ. ಗಾಬರಿಯಲ್ಲಿ ದನಿ ಖಾತೆಯ ಅಳತೆಗೇ ಬಂತು. ಒಳಗೆ ರತ್ನ ಫಕ್ಕನೆ ನಕ್ಕದ್ದು ನನ್ನ ಮಂದ ಕಿವಿಗೂ ಕೇಳಿಸಿತು.

ಚನ್ನಬಸಪ್ಪನವರು ಸಿಟ್ಟಾಗಲಿಲ್ಲ, ಆದರೆ ಬಿಟ್ಟುಕೊಡಲೂ ಇಲ್ಲ. ಹರಿಹರದ ಮಷೀನು ಕಾರ್ಖಾನೆಯ ಹುಡುಗನೊಬ್ಬ ಕೇಳಿದ್ದಾನೆ, ಕಾಯಂ ನೌಕರಿ, ಅವರಿಗೂ ಮಾತು ಹೇಳಬೇಕು ಎಂದು ಎದ್ದರು. ಆಗ ಗಂಗಮ್ಮನವರು ಮೊದಲ ಸಲ ಬಾಯಿ ಬಿಟ್ಟು ಮಾತಾಡಿದರು.

"ಆಷಾಢ ಮುಗಿಯೋತನ ನಾ ಯಾರಿಗೂ ಹೂಂ ಅನ್ನಲ್ಲ. ಅಷ್ಟ್ರಾಗ ಕಾಯಂ ಆಗಿ ಬರ್ರಿ. ಸುಳ್ಳು ಹೇಳ್ದಿರೋ ಅಳಿಯ ನನಗೂ ಬೇಕು. ಆದ್ರೆ ಗೇಟಿನ ಮುಂದೆ ನಿಂತು ಇನ್ನೊಬ್ಬರಿಗೆ ಜ್ವರ ಬರ್ಲಿ ಅಂತ ಕಾಯೋ ಅಳಿಯ ಬ್ಯಾಡ."

ವಾಪಸು ರೈಲಿನಲ್ಲಿ ಅವ್ವ ಅಪ್ಪನಿಗೆ ದಾವಣಗೆರೆ ಬರುವವರೆಗೂ ಬೈದಳು. ಇಳಿಯುವಾಗ ಅಪ್ಪ, ಆ ಹೆಂಗಸು ಖಾತೆಯಲ್ಲಿದ್ದಾಗ ತಾನು ಅವಳನ್ನು ಹೇಗೆ ನೋಡಲಿಲ್ಲವೋ ಎಂದು ತನಗೆ ತಾನೇ ಹೇಳಿಕೊಂಡ. ಅದಕ್ಕೂ ಅವ್ವನಿಂದ ಬೇರೆ ಬೈಗುಳ ಬಿತ್ತು.

ಕಾಯಂ ಆಗುವುದು ನಮ್ಮ ಕೈಯಲ್ಲಿರಲಿಲ್ಲ. ಯಾರಾದರೂ ಬಿಟ್ಟರೆ ಮಾತ್ರ ಮಗ್ಗ ಖಾಲಿ. ಆ ವರ್ಷ ಬಿಡುವವರಿದ್ದದ್ದು ಒಬ್ಬರೇ, ದುರ್ಗಪ್ಪ. ಪಶ್ಚಿಮದ ಬಾಗಿಲ ಪಕ್ಕದ ಎರಡು ಮಗ್ಗ ಅವರವು. ಆಷಾಢದಲ್ಲಿ ರಿಟೈರಾಗುವವರಿದ್ದರು. ಹಳೆಯ ಕಂಪನಿ ಎಂದ ಮೇಲೆ ಬರೆದ ಕಾನೂನು ಬೇರೆ, ನಡೆಯುವ ಪದ್ಧತಿ ಬೇರೆ. ನಮ್ಮ ಖಾತೆಯ ಪದ್ಧತಿ ಏನೆಂದರೆ, ಬಿಡುವ ನೇಕಾರ ಕೊನೆಯ ದಿನ ತನ್ನ ಕೊಕ್ಕೆಯನ್ನು ಯಾರ ಕೈಗೆ ಕೊಡುತ್ತಾನೋ ಅವನಿಗೇ ಮಗ್ಗ. ಕಡಿದ ಎಳೆಯನ್ನು ಮಗ್ಗದ ಬಾಚಣಿಗೆಯಂಥ ಹಣಿಗೆಯ ಸಂದಿಯಿಂದ ಎಳೆದು ತರುವ ತೆಳ್ಳನೆಯ ಉಕ್ಕಿನ ಕೊಕ್ಕೆ ಅದು, ನೇಕಾರನಿಗೆ ಬೆರಳಿದ್ದ ಹಾಗೆ. ಆಫೀಸಿನವರು ಅದನ್ನು ಎಲ್ಲಿಯೂ ಬರೆದಿಟ್ಟಿರಲಿಲ್ಲ, ಆದರೆ ಯಾವತ್ತೂ ಮೀರಿರಲಿಲ್ಲ.

ದುರ್ಗಪ್ಪ ಎಂದರೆ ಖಾತೆಗೇ ಭಯ. ಒಂದು ದಿನವೂ ರಜೆ ಹಾಕಿದವರಲ್ಲ, ತಮ್ಮ ಮಗ್ಗವನ್ನು ಬದಲಿಗೆ ಮುಟ್ಟಲು ಬಿಟ್ಟವರಲ್ಲ. ಬದಲಿಗಳು ಮಗ್ಗವನ್ನು ಬಾಡಿಗೆ ಎತ್ತಿನ ಹಾಗೆ ಹೊಡೆಯುತ್ತಾರೆ ಎಂದು ಎಲ್ಲರೆದುರಿಗೇ ಅನ್ನುತ್ತಿದ್ದರು. ಆದರೂ ಆ ಬೇಸಿಗೆ ಪೂರ್ತಿ ಬದಲಿಗಳೆಲ್ಲ ಅವರ ಸುತ್ತಲೇ. ಒಬ್ಬ ಬೀಡಿ ಕಟ್ಟು ತರುತ್ತಿದ್ದ, ಒಬ್ಬ ಚಾ ತರುತ್ತಿದ್ದ, ಇನ್ನೊಬ್ಬ ಅವರ ಮನೆಯ ಹೆಂಚು ಕೈಯಾಡಿಸಿ ಸರಿಮಾಡಲು ಹೋಗಿ ಬಂದ. ದುರ್ಗಪ್ಪ ಎಲ್ಲವನ್ನೂ ತೆಗೆದುಕೊಂಡರು, ಯಾರಿಗೂ ಮಾತು ಕೊಡಲಿಲ್ಲ. ನಾನು ಹತ್ತಿರ ಹೋಗಲಿಲ್ಲ. ಕೈ ಕೆಲಸ ನೋಡಿ ಕೊಟ್ಟರೆ ಕೊಡಲಿ, ಚಾ ಕುಡಿಸಿ ಮಗ್ಗ ತೆಗೆದುಕೊಳ್ಳುವವನು ನಾನಲ್ಲ ಎನ್ನುತ್ತಿದ್ದೆ. ರಹಮಾನ್ ಸಾಬರಿಗೆ ನನ್ನ ಮೇಲೆ ಕರುಣೆ. "ಅರೇ ಹಾಲೇಶಿ, ನಿನ್ನ ಮೂಗು ಮೊದ್ಲು ಗೇಟಿನೊಳಗೆ ಬರ್ತೈತೆ, ಆಮ್ಯಾಲೆ ನೀನು ಬರ್ತಿ. ಒಂದ್ ಬೀಡಿ ಕೊಟ್ರೆ ಏನ್ ಕರಗಿ ಹೋಗ್ತಿಯಾ?" ಎಂದರು. ನಾನು ಬೀಡಿ ಸೇದುವುದಿಲ್ಲ ಸಾಬ್ರೇ ಎಂದೆ. ಅವರು ಹಣೆ ಬಡಿದುಕೊಂಡರು.

ವೈಶಾಖ ಬಂತು. ದಾವಣಗೆರೆಯ ಬಿಸಿಲು ನೇಕಾರನ ವೈರಿ. ಗಾಳಿ ಒಣಗಿದರೆ ನೂಲಿನ ಮೇಲಿನ ಗಂಜಿ ಗರಿಗರಿಯಾಗಿ, ಎಳೆಗಳು ಹಪ್ಪಳದ ಹಾಗೆ ಮುರಿಯುತ್ತವೆ. ಕಿಟಕಿಗಳಿಗೆ ಒದ್ದೆ ಗೋಣಿಚೀಲ ಇಳಿಬಿಟ್ಟು, ನೆಲಕ್ಕೆ ನೀರು ಚಿಮುಕಿಸಿ ತಂಪು ಹಿಡಿದಿಡುತ್ತಿದ್ದೆವು. ಚಪ್ಪಲಿಗಳನ್ನು ಬಾಗಿಲ ಬಳಿ ಸಾಲಾಗಿ ಬಿಟ್ಟು ಎಲ್ಲರೂ ಬರಿಗಾಲು. ಒದ್ದೆ ಗೋಣಿಯ ವಾಸನೆ, ಗಂಜಿಯ ವಾಸನೆ, ಎಣ್ಣೆಯ ವಾಸನೆ ಸೇರಿ ಮೈಗೆ ಹತ್ತುತ್ತಿತ್ತು. ಮನೆಗೆ ಹೋದರೆ ಅವ್ವ ಹೊಸ್ತಿಲಲ್ಲೇ ನಿಲ್ಲಿಸಿ ಕೊಡಪಾನದ ನೀರು ಸುರಿಯುತ್ತಿದ್ದಳು. ಆದರೆ ಹೇಳುತ್ತೇನೆ, ಆ ಸೆಕೆಯಲ್ಲಿ ನಿಂತು, ಒಂದು ಎಳೆಯೂ ತಪ್ಪದ ಬಟ್ಟೆ ಮಗ್ಗದಿಂದ ಅಂಗೈಯಗಲ ಅಂಗೈಯಗಲ ಇಳಿದು ಬರುವುದನ್ನು ನೋಡುವ ಸುಖ ನನಗೆ ಬೇರೆ ಯಾವುದರಲ್ಲೂ ಸಿಕ್ಕಿಲ್ಲ. ನಮ್ಮ ಮಿಲ್ಲಿನ ಮುದ್ರೆ ಬಿದ್ದ ಧೋತರವನ್ನು ಸಂತೆಯಲ್ಲಿ ಯಾರಾದರೂ ಕೊಳ್ಳುವಾಗ ಪಕ್ಕದಲ್ಲಿ ನಿಂತು ಅಂಚು ಮುಟ್ಟಿ ನೋಡುತ್ತಿದ್ದೆ. ಇದು ಯಾರ ಕೈ ಎಂದು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದೆ.

ಅಂಥ ಸೆಕೆಯಲ್ಲೇ ಮಲೇಬೆನ್ನೂರಿನಿಂದ ದುರ್ಗಪ್ಪನ ಮಗಳಿಗೆ ಹೆರಿಗೆ ಕಷ್ಟವಾಗಿದೆ ಎಂದು ಸುದ್ದಿ ಬಂತು. ಅವರು ಹೋಗಲೇಬೇಕಾಯಿತು. ತಮ್ಮ ಮಗ್ಗಗಳ ಮುಂದೆ ನಿಂತು ಬದಲಿಗಳನ್ನೆಲ್ಲ ಒಮ್ಮೆ ನೋಡಿದರು. ಚಾ ತಂದವನು, ಬೀಡಿ ತಂದವನು ಎಲ್ಲರೂ ಎದೆ ಮುಂದೆ ಮಾಡಿ ನಿಂತರು. ದುರ್ಗಪ್ಪ ಯಾರನ್ನೂ ಆರಿಸದಿದ್ದಾಗ ರಹಮಾನ್ ಸಾಬರು ನನ್ನ ಕಡೆ ಬೆರಳು ತೋರಿಸಿದರು. ಆ ಬೆರಳಿಗೆ ಇವತ್ತಿಗೂ ನನ್ನ ಸಲಾಮು. ದುರ್ಗಪ್ಪ ನನ್ನ ಹತ್ತಿರ ಬಂದು ತುಟಿಯಲ್ಲಿ ಒಂದೇ ಮಾತು ಹೇಳಿದರು. "ಏನೂ ಬದಲಾಯಿಸ್ಬ್ಯಾಡ. ಇದ್ದಂಗೆ ನಡೆಸು."

ಮಗ್ಗದಲ್ಲಿ ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲನ್ನು ಹೊತ್ತ ಲಾಳಿ ಆ ಕಡೆಯಿಂದ ಈ ಕಡೆಗೆ ಹಾರಿ ಬಂದು ತುದಿಯ ಪೆಟ್ಟಿಗೆಯಲ್ಲಿ ಬಡಿದು ನಿಲ್ಲಬೇಕು. ಜೋರಾಗಿ ಬಡಿದರೆ ಹಿಂದಕ್ಕೆ ಪುಟಿಯುತ್ತದೆ, ಹೊಕ್ಕಿನ ನೂಲು ಸಡಿಲವಾಗುತ್ತದೆ, ಬಟ್ಟೆಯ ಅಂಚಿನಲ್ಲಿ ಕುಣಿಕೆ ಬೀಳುತ್ತದೆ. ದುರ್ಗಪ್ಪನ ಎಡಗಡೆಯ ಮಗ್ಗದಲ್ಲಿ ಆ ಪೆಟ್ಟಿಗೆಯ ಹಿಂದೆ ಒಂದು ತುಂಡು ಹಳೆಯ ಚಪ್ಪಲಿಯ ಚರ್ಮವನ್ನು ಸಿಕ್ಕಿಸಿದ್ದರು. ಯಾವ ಕಾಲದ್ದೋ, ಯಾರ ಚಪ್ಪಲಿಯೋ. ಲಾಳಿ ಅದಕ್ಕೆ ತಾಗಿ ತಾಯಿ ಮಡಿಲಲ್ಲಿ ಕೂತ ಮಗುವಿನ ಹಾಗೆ ಸುಮ್ಮನಾಗುತ್ತಿತ್ತು. ಮೊದಲ ದಿನಗಳು ಹೂವಿನಂತೆ ಹೋದವು. ಆಮೇಲೆ ವಾರದ ರಜೆಯಲ್ಲಿ ಮಗ್ಗಗಳನ್ನು ಒರೆಸಿ ಎಣ್ಣೆ ಬಿಡುವವರು ಬಂದು ಹೋದರು. ಮಾರನೆಯ ದಿನ ನಾನು ಮಗ್ಗ ಚಾಲೂ ಮಾಡಿದರೆ ಲಾಳಿ ಪುಟಿಯುತ್ತಿದೆ. ಬಗ್ಗಿ ನೋಡಿದೆ. ಚರ್ಮದ ತುಂಡು ಇಲ್ಲ. ಕಸ ಎಂದು ಯಾರೋ ಕಿತ್ತು ಎಸೆದಿದ್ದರು.

ಕಸದ ಗಾಡಿ ಆಗಲೇ ಹೋಗಿತ್ತು. ಪಕ್ಕದವನು, ಫಿಟ್ಟರನ್ನು ಕರೆಸಿ ಪೆಟ್ಟಿಗೆಯನ್ನೇ ಬಿಗಿ ಮಾಡಿಸಿಬಿಡು ಎಂದ. ಎಲ್ಲರೂ ಮಾಡುವುದು ಅದನ್ನೇ, ಅದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಒಂದು ಸಲ ಸ್ಕ್ರೂ ತಿರುಗಿಸಿದರೆ ಆ ಮಗ್ಗದ ಹದವೇ ಬೇರೆಯಾಗುತ್ತದೆ. ದುರ್ಗಪ್ಪ ವಾಪಸು ಬಂದಾಗ ಅದು ಅವರ ಮಗ್ಗವಾಗಿ ಉಳಿದಿರುವುದಿಲ್ಲ. ಇದ್ದಂಗೆ ನಡೆಸು ಎಂದಿದ್ದರಲ್ಲ. ಹಳೆಯ ಪಟ್ಟಿಯ ಚರ್ಮ ಕತ್ತರಿಸಿ ಇಟ್ಟೆ, ಕಲ್ಲಿನಂತೆ ಗಟ್ಟಿ. ಬಾಗಿಲ ಬಳಿ ಹೋಗಿ ಹೆಣ್ಣು ನೋಡಲು ಕೊಂಡ ನನ್ನ ಹೊಸ ಚಪ್ಪಲಿಯಲ್ಲಿ ಬಲಗಾಲಿನದರ ಹಿಮ್ಮಡಿಯನ್ನೇ ಕೊಯ್ದೆ. ಅದೂ ಬಿರುಸು, ಲಾಳಿ ಇನ್ನೂ ಕುಣಿಯಿತು. ಎಣ್ಣೆಯಲ್ಲಿ ನೆನೆಸಿ ಬಡಿದೆ, ಕೇಳಲಿಲ್ಲ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಮಗ್ಗ ನಿಂತಷ್ಟು ಹೊತ್ತೂ ಆಷಾಢ ನನ್ನ ತಲೆಯ ಮೇಲೆ ಕೂತ ಹಾಗಿತ್ತು.

ಮೂರು ಸಾಲು ಆಚೆಯಿಂದ ಅಪ್ಪ ಇದನ್ನೆಲ್ಲ ನೋಡುತ್ತಿದ್ದ. ನಾನು ತಲೆ ಎತ್ತಿದಾಗ ಅವನ ತುಟಿ ಅಲುಗಿತು.

"ನಡೆದು ನಡೆದು ಮೆತ್ತಗಾದ ಚರ್ಮ ಬೇಕು ಅದಕ್ಕೆ. ನಂದು ಕೊಯ್ಕೊ."

ಬಾಗಿಲ ಸಾಲಿನಲ್ಲಿ ಅಪ್ಪನ ಚಪ್ಪಲಿ ಇತ್ತು. ಎಷ್ಟು ವರ್ಷದ್ದೋ, ಮನೆಯಿಂದ ಮಿಲ್ಲಿಗೆ, ಮಿಲ್ಲಿನಿಂದ ಮನೆಗೆ ನಡೆದದ್ದು. ಅಪ್ಪನ ಚಪ್ಪಲಿಗೆ ಕತ್ತರಿ ಹಾಕಲು ಕೈ ಬರಲಿಲ್ಲ. ಮತ್ತೆ ಅವನ ಕಡೆ ನೋಡಿದೆ. "ಕೊಯ್ಯಲೇ, ನನ್ನ ಕಾಲೇನ್ ಕೊಯ್ತಿಯಾ" ಎಂದು ತುಟಿಯಲ್ಲೇ ಗದರಿ ತನ್ನ ಮಗ್ಗದ ಕಡೆ ತಿರುಗಿಕೊಂಡ. ಎಡಗಾಲಿನದರ ಹಿಮ್ಮಡಿ ಕೊಯ್ದು ಸಿಕ್ಕಿಸಿದೆ. ಲಾಳಿ ಬಂದು ಕೂತಿತು. ಸುಮ್ಮನಾಯಿತು. ಆ ಸಂಜೆ ಅಪ್ಪ ಮನೆಗೆ ಒಂದು ಕಡೆ ವಾಲಿಕೊಂಡು ನಡೆದ, ಹಿಮ್ಮಡಿಯಿಲ್ಲದ ಹೊಸ ಚಪ್ಪಲಿ ಮೆಟ್ಟಿ ನಾನೂ ಇನ್ನೊಂದು ಕಡೆ ವಾಲಿಕೊಂಡು ಪಕ್ಕದಲ್ಲಿ. ದಾರಿಯಲ್ಲಿ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಅಪ್ಪ ಮಗ ಕುಡಿದು ಬರುತ್ತಿದ್ದಾರೆ ಎಂದು ಓಣಿಯವರು ಅವ್ವನಿಗೆ ನಮಗಿಂತ ಮುಂಚೆ ವರದಿ ಮುಟ್ಟಿಸಿದ್ದರು.

ದುರ್ಗಪ್ಪ ಬಂದರು. ತಾಯಿ ಮಗು ಕ್ಷೇಮ, ಮೊಮ್ಮಗ ಹುಟ್ಟಿದ್ದ, ಆದರೂ ಅವರ ಮುಖದಲ್ಲಿ ನಗೆಯಿಲ್ಲ. ಮೊದಲು ಬಟ್ಟೆ ಮುಟ್ಟಿ ನೋಡಿದರು. ಆಮೇಲೆ ಬಲಗಡೆಯ ಮಗ್ಗ, ಆಮೇಲೆ ಎಡಗಡೆಯದು. ಪೆಟ್ಟಿಗೆಯ ಹಿಂದೆ ಬೆರಳು ಹಾಕಿದವರು ಹಾಗೇ ನಿಂತರು. ತುಂಡನ್ನು ಹೊರಗೆ ಎಳೆದು ತಿರುಗಿಸಿ ನೋಡಿ ಮತ್ತೆ ಇದ್ದ ಜಾಗಕ್ಕೇ ಸಿಕ್ಕಿಸಿದರು. ಸೀದಾ ಬಾಗಿಲಿಗೆ ಹೋಗಿ ಚಪ್ಪಲಿಗಳ ಸಾಲನ್ನು ಒಂದೊಂದಾಗಿ ನೋಡುತ್ತಾ ಹೋದರು. ಆ ದಿನ ಊಟದ ಹೊತ್ತಿನಲ್ಲಿ, ಬೇವಿನ ಮರದ ಕೆಳಗೆ ಎಲ್ಲರೂ ಬುತ್ತಿ ಬಿಚ್ಚಿದ್ದಾಗ ಬಂದು ಅಪ್ಪನ ಪಕ್ಕ ಕೂತರು.

"ಬಸಪ್ಪ, ನಿನ್ನ ಎಡಗಾಲು ನನ್ನ ಮಗ್ಗದಾಗೆ ಐತಲ್ಲೋ."

ಅಪ್ಪ ರೊಟ್ಟಿ ಮುರಿಯುತ್ತಾ, ಇರಲಿ ಬಿಡು, ಬಲಗಾಲಿನಲ್ಲೇ ನಡೆಯುತ್ತೇನೆ ಎಂದ. ಅಷ್ಟೇ ಮಾತು. ಮುಂದೆ ದುರ್ಗಪ್ಪ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಬೀಡಿ, ಚಾ ಎಂದಿನಂತೆ ಅವರಿಗೆ ಬರುತ್ತಲೇ ಇದ್ದವು, ಅವರು ತೆಗೆದುಕೊಳ್ಳುತ್ತಲೇ ಇದ್ದರು. ನಾನು ಎಂದಿನಂತೆ ಗೇಟಿನಲ್ಲಿ ನಿಲ್ಲುತ್ತಿದ್ದೆ.

ಮುಂಗಾರು ಬಿತ್ತು. ಮೊದಲ ಮಳೆಗೆ ಖಾತೆಯಲ್ಲಿ ಎಲ್ಲರ ಮುಖವೂ ಅರಳುತ್ತದೆ, ಗಾಳಿಗೆ ತೇವ ಬಂದು ನೂಲು ಬೆಣ್ಣೆಯ ಹಾಗೆ ಓಡುತ್ತದೆ. ಆ ವರ್ಷ ನನಗೆ ಆ ಸಂತೋಷವೂ ಅರ್ಧ. ಆಷಾಢ ಹುಟ್ಟಿತ್ತು. ಹರಿಹರದಿಂದ ಬಂದವರೊಬ್ಬರು, ಮಷೀನು ಕಾರ್ಖಾನೆಯ ಹುಡುಗನ ಮನೆಯವರು ಚನ್ನಬಸಪ್ಪನವರ ಕ್ವಾರ್ಟರ್ಸಿಗೆ ಎರಡನೇ ಸಲ ಹೋಗಿದ್ದರು ಎಂದು ಹೇಳಿದರು. ಆ ರಾತ್ರಿ ಊಟ ಸೇರಲಿಲ್ಲ. ಅಪ್ಪನಿಗೂ ಸೇರಲಿಲ್ಲ ಎಂದು ಕಾಣುತ್ತದೆ, ಅವ್ವ ಇಬ್ಬರ ತಟ್ಟೆಯನ್ನೂ ಸದ್ದು ಮಾಡಿ ಎತ್ತಿಟ್ಟಳು.

ದುರ್ಗಪ್ಪನ ಕೊನೆಯ ದಿನ ಆ ಸಾಲಿನ ಮಗ್ಗಗಳನ್ನು ಸ್ವಲ್ಪ ಹೊತ್ತು ನಿಲ್ಲಿಸಿದರು. ಉಳಿದ ಖಾತೆಯೆಲ್ಲ ಬಡಿಯುತ್ತಿತ್ತು, ಆ ಒಂದು ಸಾಲಷ್ಟೇ ಸುಮ್ಮನೆ. ಅವರು ಎರಡೂ ಮಗ್ಗಗಳಿಗೆ ಕುಂಕುಮ ಹಚ್ಚಿ, ತೆಂಗಿನಕಾಯಿ ಒಡೆದು, ಕೈಮುಗಿದು ನಿಂತರು. ಕೊಕ್ಕೆ ಅವರ ಕಿವಿಯ ಮೇಲಿತ್ತು. ಅದನ್ನು ತೆಗೆದು ಬದಲಿಗಳ ಸಾಲಿನ ಮುಂದೆ ನಿಧಾನವಾಗಿ ನಡೆದರು. ಹೆಂಚು ಕೈಯಾಡಿಸಿದವನ ಮುಂದೆ ನಿಂತರು. ಅವನು ಕೈ ಚಾಚಿಯೂ ಬಿಟ್ಟಿದ್ದ. ಅವನ ಭುಜ ತಟ್ಟಿ ಮುಂದೆ ಬಂದರು. ನನ್ನ ಮುಂದೆ ನಿಂತು ಕೊಕ್ಕೆಯನ್ನು ನನ್ನ ಕಿವಿಗೆ ತಾವೇ ಸಿಕ್ಕಿಸಿದರು. ಆಮೇಲೆ ಎಲ್ಲರೂ ಓದುವ ಹಾಗೆ, ಅಗಲವಾಗಿ ತುಟಿ ಬಿಚ್ಚಿ ಹೇಳಿದರು.

"ಈತ ನನ್ನ ಮಗ್ಗ ನನಗೇ ವಾಪಸು ಕೊಟ್ಟಾನ. ಅದಕ್ಕೆ ಈತಗೇ ಕೊಡ್ತೀನಿ."

ಆಫೀಸಿನಲ್ಲಿ ಹೆಬ್ಬೆಟ್ಟು ಬೇಡ, ಸಹಿ ಮಾಡುತ್ತೇನೆ ಎಂದು ದುಂಡಗೆ ಸಹಿ ಮಾಡಿದೆ. ಗುಮಾಸ್ತರು ನಂಬರು ಕೆತ್ತಿದ ಹಿತ್ತಾಳೆ ಬಿಲ್ಲೆ ಕೊಟ್ಟರು. ರಹಮಾನ್ ಸಾಬರು ಅಂದು ಹೋಟೆಲಿನಲ್ಲಿ ಎಲ್ಲರಿಗೂ ಮಂಡಕ್ಕಿ ಹೇಳಿ, ಬಿಲ್ಲು ಬಂದಾಗ ಬೆರಳನ್ನು ನನ್ನ ಕಡೆ ತೋರಿಸಿದರು.

ಮುಂದಿನ ರಜೆಯ ದಿನ ನಾನೊಬ್ಬನೇ ಹರಿಹರದ ರೈಲು ಹತ್ತಿದೆ. ಆಷಾಢ ಇನ್ನೂ ಮುಗಿದಿರಲಿಲ್ಲ. ತುಂಗಭದ್ರೆ ಕೆಂಪಗೆ, ದಡ ತುಂಬಿ ಹರಿಯುತ್ತಿದ್ದಾಳೆ ಎಂದು ರೈಲಿನಲ್ಲೆಲ್ಲ ಅದೇ ಮಾತು. ಜಿಟಿಜಿಟಿ ಮಳೆಯಲ್ಲಿ ಇಳಿದು ಹಳಿ ದಾಟಬೇಕು ಎನ್ನುವಷ್ಟರಲ್ಲಿ ಒಂದು ಗೂಡ್ಸ್ ಗಾಡಿ ನಡುವೆ ಬಂತು. ಅದು ಹೋಗುವವರೆಗೆ ನಿಂತೆ. ಡಬ್ಬಿಗಳ ಸಂದಿಯಲ್ಲಿ ಆ ಕಡೆ ರತ್ನ ಕಂಡಳು. ತನ್ನ ಅಪ್ಪನಿಗೆ ಬುತ್ತಿ ತಂದಿದ್ದಳು, ತಲೆಯ ಮೇಲೆ ಗೋಣಿಕೊಪ್ಪೆ. ಅವಳೂ ನನ್ನನ್ನು ನೋಡಿದಳು. ಗಾಡಿಯ ಸದ್ದಿನಲ್ಲಿ ಕೂಗಿದರೆ ಕೇಳುವ ಹಾಗಿರಲಿಲ್ಲ. ಅಭ್ಯಾಸ, ತುಟಿ ಅಲುಗಿಯೇ ಬಿಟ್ಟಿತು. ಒಂದು ಸಂದಿಯಲ್ಲಿ ಹೇಳಿದೆ. "ಕಾಯಂ ಆತು."

ಹೇಳಿದ ಮೇಲೆ, ಇವಳಿಗೆ ಇದೆಲ್ಲಿ ತಿಳಿಯಬೇಕು ಎನ್ನಿಸಿತು. ಒಂದು ಡಬ್ಬಿ ದಾಟಿತು. ಮುಂದಿನ ಸಂದಿಯಲ್ಲಿ ಅವಳ ತುಟಿ ಅಲುಗುತ್ತಿತ್ತು. ಹೊಸದಾಗಿ ಕಲಿತವರ ಹಾಗೆ ಒಂದೊಂದೇ ಮಾತು, ಬಿಡಿಬಿಡಿಯಾಗಿ. ಆ ಬೇಸಿಗೆಯೆಲ್ಲ ತಾಯಿಯ ಮುಂದೆ ಕೂತು ಕಲಿತಿದ್ದಳಂತೆ.

"ನನಗೆ ತಿಳೀತು. ಜೋರಾಗಿ ಹೇಳ್ರಿ, ಅಪ್ಪಗೂ ಕೇಳ್ಲಿ."

ಗಾರ್ಡಿನ ಡಬ್ಬಿ ದಾಟಿ ಹೋಯಿತು. ಸ್ಟೇಷನ್ನು ಒಮ್ಮೆಗೇ ಸದ್ದಿಲ್ಲದಂತಾಯಿತು. ಕಂಬದ ಬಳಿ ಹಸಿರು ಬಾವುಟ ಸುತ್ತುತ್ತಿದ್ದ ಚನ್ನಬಸಪ್ಪನವರನ್ನು ನೋಡಿ, ನೇಯ್ಗೆ ಖಾತೆಯ ಪೂರ್ತಿ ಗಂಟಲಿನಲ್ಲಿ ನಾನು ಕಾಯಂ ಆದದ್ದನ್ನು ಹೇಳಿದೆ. ಪ್ಲಾಟ್‌ಫಾರ್ಮಿನಲ್ಲಿ ಇದ್ದವರೆಲ್ಲ ತಿರುಗಿದರು. ಸ್ಟೇಷನ್ ಮಾಸ್ತರರು ಕೋಣೆಯಿಂದ ಹೊರಗೆ ಬಂದು ಏನಾಯಿತು ಎಂದು ಕೇಳಿದರು. ಚನ್ನಬಸಪ್ಪನವರು ಬಾವುಟವನ್ನು ಕಂಕುಳಿಗೆ ಸೇರಿಸಿ, ನಿಧಾನವಾಗಿ, ಆ ದಿನ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕು ಹೇಳಿದರು. "ಏನಿಲ್ರಿ ಸಾಹೇಬ್ರೆ. ನಮ್ಮ ಅಳಿಯ ಬಂದಾನ."

ಶ್ರಾವಣದಲ್ಲಿ ಮದುವೆಯಾಯಿತು. ಮದುವೆಗೆ ಖಾತೆಯ ಅರ್ಧ ಜನ ಬಂದಿದ್ದರು, ವಾಲಗದವನು ತನ್ನ ವಾಲಗ ಯಾರಿಗೂ ಕೇಳುತ್ತಿಲ್ಲ ಎಂದು ಸಿಟ್ಟಾಗಿ ಕೂತ. ಆ ಎರಡು ಮಗ್ಗ ಮುಂದೆ ನಾಲ್ಕಾದವು. ಮಿಲ್ಲು ಈಗಿಲ್ಲ. ಅದರ ಜಾಗದಲ್ಲಿ ಏನೇನೋ ಎದ್ದಿದೆ, ನಾನು ಆ ಕಡೆ ಹೋದಾಗ ಅಳುವುದಿಲ್ಲ. ಇದ್ದಷ್ಟು ದಿನ ಚೆನ್ನಾಗಿ ದುಡಿಸಿಕೊಂಡಿತು, ಚೆನ್ನಾಗಿ ಇಟ್ಟುಕೊಂಡಿತು, ನಾನೂ ಅದಕ್ಕೆ ಕೆಟ್ಟ ಬಟ್ಟೆ ಕೊಡಲಿಲ್ಲ.

ಈಗ ನನ್ನ ಬಳಿ ಇರುವುದು ಇಷ್ಟು. ನಿಜಲಿಂಗಪ್ಪ ಬಡಾವಣೆಯ ಹಿಂದಿನ ಓಣಿಯಲ್ಲಿ ಸ್ವಂತದ ಮೂರು ಕೋಣೆಯ ಮನೆ. ಒಬ್ಬ ಹೆಂಡತಿ. ಓದು ಮುಗಿಸಿದ ಮೂವರು ಮಕ್ಕಳು, ಓದುತ್ತಿರುವ ಐದು ಮೊಮ್ಮಕ್ಕಳು. ಒಂದು ಸೈಕಲ್ಲು. ಒಂದು ಬೇವಿನ ಮರ. ಕಿವಿ ಎರಡು, ಕೇಳಿಸುವುದು ಒಂದು.